ಬೆರಣಿಗೆ ತಟ್ಟಿದ ಬೀಜ

ಪಕ್ಕದ ಮನೆ ದೊಡ್ಡಮ್ಮನ ಬಲಗೈ ಹೆಬ್ಬೆರಳು ಯಾವಾಗಲೂ ಹಸಿರುಗಪ್ಪಾಗಿರುತ್ತಿತ್ತು. ಟೊಮ್ಯಾಟೊ ಗಿಡದ ಕಂಕುಳಲ್ಲಿ ಹುಟ್ಟುವ ಚಿಗುರನ್ನು ಚಿವುಟಿ ಚಿವುಟಿ ಹತ್ತಿದ ಬಣ್ಣ ಅದು. ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ನನ್ನ ಮಗಳ ಗಲ್ಲ ಹಿಂಡಲು ಬಂದರೆ ಅವಳು ಮೂಗು ಮುಚ್ಚಿಕೊಂಡು ಓಡುತ್ತಿದ್ದಳು.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಬಬ್ಬೂರಿನಲ್ಲಿ ಬಾಡಿಗೆಗಿದ್ದೆವು. ದೊಡ್ಡಮ್ಮ ಕೂಲಿಯಿಂದ ಬಂದವರೇ ಹಿತ್ತಲಿಗೆ ಇಳಿಯುತ್ತಿದ್ದರು. ಅವರು ಬೆಳೆಯುತ್ತಿದ್ದದ್ದು ಗೋಲಿ ಗಾತ್ರದ ಟೊಮ್ಯಾಟೊ. ಈಗ ಪೇಟೆಯಲ್ಲಿ ಚೆರ್ರಿ ಟೊಮ್ಯಾಟೊ ಅಂತ ಡಬ್ಬಿಯಲ್ಲಿಟ್ಟು ಮಾರುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಹುಳಿ ಮಾತ್ರ ಇಮ್ಮಡಿ. ಮದುವೆಯಾಗಿ ಬರುವಾಗ ಹಿರೇಗುಂಟನೂರಿನ ತವರಿನಿಂದ ತಂದ ಬೀಜವಂತೆ. ಪ್ರತಿ ಗಿಡದ ಮೊದಲ ಗೊಂಚಲನ್ನು ಯಾರಿಗೂ ಮುಟ್ಟಗೊಡದೆ ಬೀಜಕ್ಕೆ ಬಿಡುತ್ತಿದ್ದರು. ಹಣ್ಣು ಹಿಸುಕಿ, ಬೀಜಕ್ಕೆ ಬೂದಿ ಬೆರೆಸಿ, ಹಸಿ ಬೆರಣಿಗೆ ತಟ್ಟಿ ಒಣಗಿಸುತ್ತಿದ್ದರು. "ಹಕ್ಕಿ ಕಣ್ಣಿಗೆ ಬೀಳ್ಬಾರ್ದು, ಬೀಜಕ್ಕೆ ಉಸ್ರು ಕಟ್ಬಾರ್ದು. ಅಷ್ಟೇ ಮಣ್ಣು ಮುಚ್ಚವ್ವ" ಎಂದು ನನಗೂ ಕಲಿಸಿದ್ದರು.

ಅವರ ಕೈಗುಣ ಒಳ್ಳೆಯದೆಂದು ಕೇರಿಯವರೆಲ್ಲ ತಮ್ಮ ಹಿತ್ತಲಿಗೆ ಕರೆದು ಮೊದಲ ಬೀಜ ಅವರಿಂದಲೇ ಹಾಕಿಸುತ್ತಿದ್ದರು. ಆ ದಿನ ದೊಡ್ಡಮ್ಮ ಒಗೆದ ಸೀರೆಯುಟ್ಟು, ತಲೆ ಬಾಚಿ, ಮದುವೆಗೆ ಹೊರಟವರಂತೆ ಹೊರಡುತ್ತಿದ್ದರು. ಬೀಜ ಹಿಡಿದಿಡುವ ತಾಪತ್ರಯ ಬೇರೆ ಯಾರಿಗೂ ಇರಲಿಲ್ಲ, ದೊಡ್ಡಮ್ಮ ಇದ್ದರಲ್ಲ.

ಒಂದು ವರ್ಷ ದೊಡ್ಡಮ್ಮ, ತಾಳ್ಯಕ್ಕೆ ಕೊಟ್ಟಿದ್ದ ತಮ್ಮ ಮಗಳಿಗೆ ಆಪರೇಷನ್ ಆಯಿತೆಂದು ಅಲ್ಲಿಗೆ ಹೊರಟರು. ಬೀಗ ಹಾಕಿದ ಮನೆಯಲ್ಲಿ ಇಲಿ ಕಾಟ ಎಂದು ಬೀಜದ ಬೆರಣಿಯನ್ನು ನನ್ನ ಕೈಗಿಟ್ಟರು.

"ನಿಮ್ ನೀರೊಲೆ ಮ್ಯಾಲಿನ ಗೂಡಲ್ಲಿ ಇಡು ತಾಯಿ. ಹೊಗೆ ತಾಕ್ತಿದ್ರೆ ಹುಳ ಬೀಳಲ್ಲ."

ಜಡಿಮಳೆ ಹಿಡಿದ ಒಂದು ಬೆಳಿಗ್ಗೆ ಸೌದೆ ಹತ್ತಲಿಲ್ಲ. ಮಗಳಿಗೆ ಸ್ಕೂಲಿನ ಹೊತ್ತು. ಕೈಗೆ ಸಿಕ್ಕ ಒಣ ಬೆರಣಿ ಮುರಿದು ಒಲೆಗೆ ಹಾಕಿದೆ. ಬೀಜ ಚಟಪಟ ಸಿಡಿದಾಗಲೇ ಅದು ಯಾವ ಬೆರಣಿಯೆಂದು ಗೊತ್ತಾದದ್ದು. ಇಕ್ಕಳದಲ್ಲಿ ಎಳೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಹೇಳಬಹುದಿತ್ತು. ಬೈಯುತ್ತಿದ್ದರು, ಅಳುತ್ತಿದ್ದರು, ಅಷ್ಟೇ. ನಾನು ಹಿರಿಯೂರು ಸಂತೆಯಿಂದ ಹಣ್ಣು ತಂದು, ಹಿಸುಕಿ, ಬೂದಿ ಬೆರೆಸಿ, ಅವರು ಕಲಿಸಿದಂತೆಯೇ ಬೆರಣಿಗೆ ತಟ್ಟಿ ಅದೇ ಗೂಡಿನಲ್ಲಿಟ್ಟೆ. ಆ ಜಾಣತನ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ದೊಡ್ಡಮ್ಮ ಬಂದು ಆ ಬೀಜವನ್ನು ತಮ್ಮ ಹಿತ್ತಲಿಗೂ ಎಂಟು ಹತ್ತು ಮನೆಗೂ ಹಾಕಿದರು. ಗಿಡ ಚೆನ್ನಾಗಿಯೇ ಬಂದವು. ಹಣ್ಣು ಬಿಟ್ಟಾಗ ನೋಡಿದರೆ ಎಲ್ಲರ ಹಿತ್ತಲಲ್ಲೂ ದಪ್ಪ ದಪ್ಪ, ನೀರುನೀರು ಟೊಮ್ಯಾಟೊ. "ಏನ್ ದೊಡ್ಡಮ್ಮ, ಸಂತೆ ಮಾಲು ಹಾಕ್ಬಿಟ್ರಿ?" ಎಂದು ಕೇರಿಯವರು ನಕ್ಕರು.

ಅವತ್ತು ಸಂಜೆ ನನ್ನ ಬಾಗಿಲಿಗೆ ಬಂದರು. "ಏನವ್ವ, ಬೆರಣಿ ಏನಾರ ಅದಲುಬದಲಾತಾ?"

"ಇಲ್ಲ ದೊಡ್ಡಮ್ಮ, ನನ್ನ ಮಗಳಾಣೆ, ನೀವು ಕೊಟ್ಟಿದ್ದೇ ಅದು."

ಅವರು ಕೆನ್ನೆ ಬಡಿದುಕೊಂಡರು. "ಬಿಡ್ತು ಅನ್ನವ್ವ, ಮಗೀನ ಮ್ಯಾಲೆ ಆಣೆ ಯಾಕೆ? ನಿನ್ ಮ್ಯಾಲೆ ಅನುಮಾನಪಟ್ನಲ್ಲ, ನಂದೇ ತಪ್ಪು. ನನ್ ಕೈಗುಣಾನೇ ಕೆಟ್ಟೋಗೈತೆ."

ಆಮೇಲೆ ಯಾರ ಮನೆಗೂ ಬೀಜ ಹಾಕಲು ಹೋಗಲಿಲ್ಲ. ಕರೆದರೆ, "ಬ್ಯಾಡ್ರಿ, ನನ್ ಕೈ ತಾಕಿದ್ರೆ ನಿಮ್ ಹಿತ್ಲೂ ಕೆಡ್ತೈತೆ" ಎನ್ನುತ್ತಿದ್ದರು. ನಾನು ಕೇಳಿಸಿಕೊಂಡು ನನ್ನ ಕೆಲಸಕ್ಕೆ ತಿರುಗುತ್ತಿದ್ದೆ. ಎರಡು ವರ್ಷದ ನಂತರ ನಾವು ಚಿತ್ರದುರ್ಗಕ್ಕೆ ಮನೆ ಬದಲಿಸಿದೆವು. ಹೊರಡುವ ದಿನ ಹೇಳಿಯೇ ಬಿಡಬೇಕೆಂದುಕೊಂಡಿದ್ದೆ; ಅವರು ಕೊಟ್ಟ ಚಟ್ನಿಪುಡಿ ತೆಗೆದುಕೊಂಡು ಲಾರಿ ಹತ್ತಿದೆ.

ಕೆಲವು ವರ್ಷಗಳಾದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಹೋದೆ. ತಾಳ್ಯದ ಮಗಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿಮ್ ಮ್ಯಾಲೆ ಸುಮ್ಸುಮ್ನೆ ಅನುಮಾನಪಟ್ಟೆ ಅಂತ ಅವ್ವ ಕೊನೀತನಕ ಕೊರಗಿದ್ಲು ಕಣ್ರಿ. ಮನಸ್ನಾಗೆ ಇಟ್ಕಬ್ಯಾಡ್ರಿ."

ಸುತ್ತ ಜನವಿದ್ದರು. ನಾನು ಕಣ್ಣೊರೆಸಿಕೊಂಡು, "ಅಯ್ಯೋ, ಅದನ್ನೆಲ್ಲ ಯಾವತ್ತೋ ಮರೆತೆ ಬಿಡಮ್ಮ" ಎಂದೆ.

"ದೊಡ್ಡ ಮನಸು ನಿಮ್ದು" ಎಂದಳು ಮಗಳು.