ಕ್ಯಾರವಾನಿನಲ್ಲಿ ತವರಿಗೆ

ರಾಯಚೂರಿನ ಏಪ್ರಿಲ್ ಬಿಸಿಲಿಗೆ ನಾಯಿ ಕೂಡ ನೆರಳು ಬಿಟ್ಟು ಕದಲುವುದಿಲ್ಲ. ನಮ್ಮ ಯಜಮಾನರು ಮಾತ್ರ ಅದೇ ತಿಂಗಳು ಪ್ರವಾಸ ಹೊರಟರು. ಶಕ್ತಿನಗರದಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ಮೇಲೆ ಅವರಿಗೆ ದಿನವಿಡೀ ಮೊಬೈಲಿನಲ್ಲಿ ಕಂಡವರ ಪ್ರವಾಸ ನೋಡುವುದೇ ಕೆಲಸ. ಯಾರೋ ಯಾವುದೋ ದೇಶದ ದ್ವೀಪವನ್ನು ಮನೆಯಂಥ ಗಾಡಿಯಲ್ಲಿ ಸುತ್ತಿದ್ದು ಕಣ್ಣಿಗೆ ಬಿತ್ತು.

“ಸೀಸನ್ ಇಲ್ಲದಾಗ ಹೋಗಬೇಕು ನೋಡು. ಬಾಡಿಗಿ ಕಮ್ಮಿ, ಜನಾನೂ ಇರಂಗಿಲ್ಲ” ಎಂದರು. ಜನ ಯಾಕೆ ಇರುವುದಿಲ್ಲ ಎಂದು ಯೋಚಿಸುವ ಗೋಜಿಗೆ ಹೋಗಲಿಲ್ಲ.

ಹೈದರಾಬಾದಿನಿಂದ ಕ್ಯಾರವಾನ್ ಬಂತು. ಹಾಸಿಗೆ, ಒಲೆ, ಫ್ರಿಜ್ಜು, ನೀರಿನ ಟ್ಯಾಂಕು, ಜೊತೆಗೆ ಹಿಮ್ಮುಖವಾಗಿ ಒಳಹೋಗಬೇಕಾದ ಒಂದು ಕಕ್ಕಸು. ಇನ್ನು ದ್ವೀಪ? ದೇವದುರ್ಗದ ಕಡೆ ಕೃಷ್ಣೆಯ ನಡುಗಡ್ಡೆಯಲ್ಲಿ ನಮ್ಮವ್ವನ ತವರಿತ್ತಲ್ಲ. ಮಳೆಗಾಲದಲ್ಲಿ ಅಲ್ಲಿಗೆ ಹರಿಗೋಲೇ ಗತಿ. ಬೇಸಿಗೆಯಲ್ಲಿ ಒಂದು ಕಡೆಯ ಹೊಳೆ ಬತ್ತಿ ಟ್ರ್ಯಾಕ್ಟರುಗಳು ಓಡಾಡುತ್ತವೆ.

ನಮ್ಮ ಕಡೆ ಪಂಚಮಿ ಹಬ್ಬಕ್ಕೆ ಅಣ್ಣತಮ್ಮಂದಿರು ಬಂದು ಕರೆದೊಯ್ದರೇ ಹೆಣ್ಣುಮಕ್ಕಳಿಗೆ ತವರು. ನಾನು ಸಣ್ಣವಳಿದ್ದಾಗ ಒಂದು ಪಂಚಮಿಗೆ ಹೊಳೆ ದಂಡೆ ಮೀರಿ ಬಂದಿತ್ತು, ಸೋದರಮಾವ ಬರಲಿಲ್ಲ. ಅವ್ವ ಸೀರೆಯ ಗಂಟು ಕಟ್ಟಿಕೊಂಡು ಸಂಜೆಯವರೆಗೆ ಹೊಸ್ತಿಲಲ್ಲಿ ಕುಳಿತಿದ್ದಳು. ಆಮೇಲೆ “ನಿನ್ನ ಮನಿ ನೀರು ಮುಟ್ಟಂಗಿಲ್ಲ” ಎಂದು ಹೇಳಿಕಳಿಸಿದಳು. ಆ ಮಾತಿಗೆ ಮಾವ ಮುನಿಸಿಕೊಂಡ. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಹಾಗೇ ಇಬ್ಬರೂ ಮುದುಕರಾದರು.

ಮಾನ್ವಿಯಲ್ಲಿದ್ದ ಅವ್ವನನ್ನು “ಬರ್ತೀ ಏನ್ಬೇ ಯವ್ವಾ?” ಎಂದು ಕೇಳಿದೆ.

“ಕರೀಲಾರದ ತವರಿಗೆ ಹೋಗಾಕ ನಾ ಗತಿಗೆಟ್ಟೀನೇನು? ಸುಮ್ನ ಗಾಡ್ಯಾಗ ಕುಂದರ್ತೀನಿ. ಕೆಳಗ ಇಳಿಯಂಗಿಲ್ಲ” ಎಂದಳು. ಹೇಳಿ, ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಉಟ್ಟಳು. ಗಾಡಿಯಲ್ಲಿ ಕೂರುವುದಕ್ಕೆ ಹೊಸ ಸೀರೆಯಂತೆ! ಅರಕೇರಾ ದಾಟಿದ ಮೇಲೆ ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ. ತನ್ನ ತಮ್ಮ ಒಂದು ಸಲ ಬಾ ಎಂದರೆ ಸಾಕು ಅಂತ ಜೀವ ಹಿಡಿದುಕೊಂಡು ಕುಳಿತಿದ್ದಾಳೆಂದು ನನಗೆ ಗೊತ್ತಿತ್ತು.

ಕಲ್ಲು ಮರಳಿನ ಮೇಲೆ ಕುಲುಕಾಡಿ, ಮಾವನ ಮನೆಯೆದುರಿನ ಬೇವಿನ ಮರದಡಿ ಗಾಡಿ ನಿಂತಿತು. ಅಲ್ಲಿ ಕರೆಂಟಿರಲಿಲ್ಲ, ಹಾಗಾಗಿ ಎಸಿಯೂ ಸತ್ತಿತು. ಯಜಮಾನರು ಬನಿಯನ್ನಿನಲ್ಲಿ ಬೆವರು ಸುರಿಸುತ್ತ ಮೆಟ್ಟಿಲ ಮೇಲೆ ಕುಳಿತು, ನಿಸರ್ಗ ಎಂದರೆ ಇದು ಎಂದರು. ಓಣಿಯ ಹೆಂಗಸರು ಬಗ್ಗಿ ಒಳಗೆ ನೋಡಿದರು. “ಒಲಿ ಬಾಜೂಕ ಕಕ್ಕಸ! ಹೆಂಗ ಉಣ್ತೀರಿ ಯವ್ವಾ?” ಎಂದು ಒಬ್ಬಳು ಮೂಗಿನ ಮೇಲೆ ಬೆರಳಿಟ್ಟಳು. ನನಗೂ ಅದೇ ಪ್ರಶ್ನೆಯಿತ್ತು.

ಮಾವ ಹೊರಗೆ ಬಂದ. ಬಹಳ ಹೊತ್ತು ದೂರದಲ್ಲೇ ನಿಂತು ಕೋಲಿನಿಂದ ನೆಲ ಕೆದರಿದ.

“ಅಕ್ಕಾ, ಒಳಗ ರೊಟ್ಟಿ ಬಡಿಯಾಕತ್ತಾರ. ಉಣ್ಣಾಕ ಬಾ.”

ಅವ್ವ ಆಗಲೇ ಒಂದು ಕಾಲಿಗೆ ಚಪ್ಪಲಿ ಹಾಕಿದ್ದಳು. ಅಷ್ಟರಲ್ಲಿ ಯಜಮಾನರ ದೊಡ್ಡಸ್ತಿಕೆ ಎದ್ದು ಕುಳಿತಿತು. “ಬ್ಯಾಡ್ರಿ ಮಾವ, ತ್ರಾಸ ತಗೋಬ್ಯಾಡ್ರಿ. ನಮ್ಮ ಗಾಡ್ಯಾಗ ಎಲ್ಲಾ ಅದ. ನೀರು ಸೈತ ನಾವ ತಂದೀವಿ.”

ನೀರು ಎಂದದ್ದೇ ಮಾವನ ಮುಖ ಸಣ್ಣದಾಯಿತು. ಅಕ್ಕನೇ ಹೇಳಿಸಿದ್ದಾಳೆ ಎಂದುಕೊಂಡಿರಬೇಕು. ತಿರುಗಿ ಒಳಗೆ ಹೋದ.

ಯಜಮಾನರನ್ನು ಹೊಳೆಗೆ ದಬ್ಬಬೇಕೆನಿಸಿತು. ಈ ಕಡೆಯ ಹೊಳೆಯಲ್ಲಿ ನೀರಿರಲಿಲ್ಲ. “ನಿಮ್ಮ ಗಾಡ್ಯಾಗ ಎಲ್ಲಾ ಅದರಿ, ಬುದ್ಧಿ ಒಂದು ಬಿಟ್ಟು” ಎಂದೆ. ಏನಾಯಿತೆಂದು ಅವರಿಗೆ ತಿಳಿಯಲೇ ಇಲ್ಲ. ಪೊಟ್ಟಣದ ಉಪ್ಪಿಟ್ಟು ಬಿಸಿ ಮಾಡಿಕೊಂಡು ತಿಂದು ಮಲಗಿದರು. ಮಾವನನ್ನು ಕರೆಯಲು ನಾನು ಎದ್ದರೆ ಅವ್ವ ಸೆರಗು ಹಿಡಿದು ಜಗ್ಗಿದಳು. “ನೀ ಸುಮ್ನ ಕುಂದರು.”

ಸೆಕೆ ತಾಳದೆ ನಾನು ಹೊರಗೆ ಬಂದು ಮರದಡಿ ಕುಳಿತೆ. ಸ್ವಲ್ಪ ಹೊತ್ತಿಗೆ ಎಲ್ಲೆಲ್ಲಿಯದೋ ಕೋಳಿಗಳು ಗಾಡಿಯ ಕೆಳಗೆ ಬಂದು ಸೇರಿದವು. ನೋಡಿದರೆ ಅಲ್ಲಿ ನೀರು ಹರಿಯುತ್ತಿದೆ. ಒಳಗೆ ಇಣುಕಿದೆ. ಅವ್ವ ನಲ್ಲಿ ಪೂರ್ತಿ ತಿರುವಿ, ಅದರ ಮೇಲೆ ಕೈಯಿಟ್ಟು ನಿಂತಿದ್ದಳು. ನನ್ನನ್ನು ಕಂಡರೂ ಕೈ ತೆಗೆಯಲಿಲ್ಲ.

ನಲ್ಲಿ ಗೊರಗೊರ ಅಂದು ನಿಂತಿತು. ಅವ್ವ ಖಾಲಿ ತಂಬಿಗೆ ಹಿಡಿದು ಇಳಿದು ತಮ್ಮನ ಹೊಸ್ತಿಲ ಮುಂದೆ ನಿಂತಳು.

“ತಮ್ಮಾ, ಗಾಡ್ಯಾಗಿನ ನೀರು ತೀರ್ಯಾವ. ಒಂದು ತಂಬಿಗಿ ನೀರು ಕೊಡ್ತೀ ಏನು?”

ಮಾವ ತಾನೇ ತುಂಬಿ ತಂದ. ಕೊಡುವ ಅವಸರಕ್ಕೆ ಅರ್ಧ ನೀರು ಅವಳ ಹೊಸ ಸೀರೆಯ ಮೇಲೆ ಚೆಲ್ಲಿತು. ಅವಳು ಉಳಿದದ್ದನ್ನು ಅಲ್ಲೇ ನಿಂತು ಕುಡಿದಳು.

ಯಜಮಾನರು ಎದ್ದವರೇ ಬಾಡಿಗೆಯವನಿಗೆ ಫೋನ್ ಹಚ್ಚಿ, ನಿಮ್ಮ ಟ್ಯಾಂಕು ಸೋರುತ್ತದೆ ಎಂದು ಜಗಳ ತೆಗೆದರು. ಇಂದಿಗೂ ಬಂದವರ ಮುಂದೆಲ್ಲ ಅದನ್ನೇ ಹೇಳುತ್ತಾರೆ. ಅವರು ಹೊರಗೆ ಕೂಗಾಡುತ್ತಿದ್ದಾಗ, ಒಳಗೆ ತಮ್ಮನ ಪಕ್ಕದಲ್ಲಿ ರೊಟ್ಟಿ ಮುರಿಯುತ್ತ ಕುಳಿತ ಅವ್ವ ಯಾವ ನೆಪವನ್ನೂ ಹೇಳದೆ ಇನ್ನೊಂದು ಸಲ ನೀರು ಕೇಳಿದಳು.