ಬಾನೆಟ್ ಮೇಲೆ ಅಂಗೈ

ಇವತ್ತು ಹುಣಸೂರಿನಲ್ಲಿ ಹಳೆ ಕಾರೊಂದನ್ನು ನೋಡಲು ಹೋಗಿದ್ದೆ. ಕೀ ತೆಗೆದುಕೊಳ್ಳುವ ಮೊದಲೇ ನನ್ನ ಅಂಗೈ ತಾನಾಗಿ ಬಾನೆಟ್ ಮೇಲೆ ಹೋಯಿತು. ಬೆಚ್ಚಗಿತ್ತು. ನಾನು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರು. ತಣ್ಣಗಿದ್ದಾಗ ಸ್ಟಾರ್ಟ್ ಆಗದ ಗಾಡಿಯ ರೋಗ ಮುಚ್ಚಿಡುವ ಉಪಾಯವದು.

ನಾನು ಶಾಲೆಯಲ್ಲಿದ್ದಾಗ ಅಪ್ಪನೂ ಹೀಗೇ ಮುಟ್ಟಿ ನೋಡಿದ್ದರು. ಹೊಗೆಸೊಪ್ಪು ಸಾಗಿಸಲು ಹಳೆ ವ್ಯಾನು ಬೇಕಾಗಿ, ಬೆಟ್ಟದಪುರದ ಒಬ್ಬರ ಮನೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅದು ನನ್ನ ಕ್ಲಾಸಿನ ಹುಡುಗಿಯ ಮನೆಯೆಂದು ಬಾಗಿಲಲ್ಲಿ ಅವಳನ್ನು ಕಂಡಾಗಲೇ ಗೊತ್ತಾದದ್ದು.

ಅಪ್ಪ ಚಪ್ಪಲಿ ಕಳಚಿಟ್ಟು, ಮಂಡಿಯೂರಿ ವ್ಯಾನಿನ ಅಡಿಗೆ ಇಣುಕಿದರು. ಎತ್ತಿನ ತೊಡೆ ತಟ್ಟುವಂತೆ ಟೈರು ತಟ್ಟಿದರು. "ನಾಕು ಮೂಟೆ ಏರ್ಸಿ, ದಿಬ್ಬ ಅತ್ತಿಸಿ ನೋಡ್ತೀನಿ. ನೊಗ ಹೂಡಿ ನೋಡ್ದೆ ಎತ್ತು ತಗತಾರೇನ್ರೀ?" ಎಂದರು. ಮನೆಯವರೆಲ್ಲ ನಕ್ಕರು.

"ಅವರು ನಿಮ್ಮಪ್ಪನಾ?" ಎಂದಳು ಗೆಳತಿ.

"ಅಲ್ಲ ಕಣೆ, ನಮ್ಮೂರೋರು" ಎಂದುಬಿಟ್ಟೆ.

ಅಪ್ಪ ತಲೆಯೆತ್ತಿ ನೋಡಿದರು. ಆಮೇಲೆ ಅವಳ ತಂದೆಗೆ, "ಈ ಮಗೀನ ಊರ್ತಾವ ನಾನೇ ಬುಟ್ಬುಡ್ತೀನಿ ಬುಡಿ, ಅವ್ರಪ್ಪಂಗೆ ಏಳಿ ಕರ್ಕೊಂಡ್ ಬಂದಿವ್ನಿ" ಎಂದರು.

ಮೂಟೆ ಹೊತ್ತ ವ್ಯಾನು ಅರ್ಧ ದಿಬ್ಬದಲ್ಲೇ ನಿಂತುಹೋಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಅಪ್ಪ ಊರಿನವರೆಗೆ ನಿಂತೇ ಬಂದರು.

"ಬಾನೆಟ್ ಮುಟ್ಟಿ ನೋಡೋದು ಯಾರು ಹೇಳ್ಕೊಟ್ರು ಮೇಡಂ?" ಎಂದು ಇವತ್ತು ಕಾರು ಮಾರುವವನು ಕೇಳಿದ.

"ನಮ್ಮಪ್ಪ" ಎಂದೆ. ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದೆ. ಕೇಳಿಸಿಕೊಳ್ಳಬೇಕಾದವರು ಈಗಿಲ್ಲ.