ಕಪ್ಪು ಹಲಗೆಯೆದುರು ಹಿಡಿದ ಚೀಲ

ಆಕೆಯ ಕೈಗಳ ಚರ್ಮ ತೊಳೆದೂ ತೊಳೆದೂ ಒಣಗಿ, ಗೆಣ್ಣುಗಳ ಮೇಲೆ ಸಣ್ಣಗೆ ಬಿರಿದಿತ್ತು. ಬಳೆಯಿಲ್ಲ, ಉಂಗುರವಿಲ್ಲ. ಕುಂದಾಪುರದ ಕಡೆಯವರು, ನೆರೂಳದ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ದಿನ ತುಂಬುವ ಮೊದಲೇ ಹುಟ್ಟಿ, ಹಾಲು ದಕ್ಕದ ಶಿಶುಗಳಿಗೆ ರಕ್ತನಾಳದ ಮೂಲಕ ಕೊಡುವ ಆಹಾರವನ್ನು ಗಾಜಿನ ಕೋಣೆಯೊಳಗೆ ಕೂತು ಚೀಲಕ್ಕೆ ತುಂಬುವುದು ಆಕೆಯ ಕೆಲಸ. ಏಳು ತಿಂಗಳಿಗೇ ಹುಟ್ಟಿದ ನನ್ನ ಮೊಮ್ಮಗಳು ಆ ಚೀಲದ ಮೇಲೆಯೇ ಬದುಕಿದ್ದಳು.

ಆಕೆಗೆ ಎಲ್ಲದರ ಮೇಲೂ ಗುಮಾನಿ. ಡಾಕ್ಟರ ಚೀಟಿಯನ್ನು ನರ್ಸಿನಿಂದ ಗಟ್ಟಿಯಾಗಿ ಓದಿಸುವರು. "ಇದು ಇವತ್ತಿನ ತೂಕವಾ, ನಿನ್ನೆಯದಾ?" ಎಂದು ಮೇಲಿಂದ ಮೇಲೆ ಫೋನು ಮಾಡುವರು. ನನಗೋ ಆಕೆಯ ಮೇಲೇ ಗುಮಾನಿ. ಇಷ್ಟು ಕೇಳುವವರಿಗೆ ಕೆಲಸ ಬರುತ್ತದೋ ಇಲ್ಲವೋ!

ಒಂದು ಮಧ್ಯಾಹ್ನ ಗಾಜಿನಾಚೆ ನಿಂತು ನೋಡುತ್ತಿದ್ದೆ. ಮೊಮ್ಮಗಳ ಚೀಲ ತಯಾರಾಗಿತ್ತು. ಆಕೆ ಅದನ್ನು ದೀಪದ ಕೆಳಗೆ, ಕಪ್ಪು ಹಲಗೆಯೆದುರು ಹಿಡಿದು ತಿರುಗಿಸಿ ನೋಡಿದರು. ತಿಳಿಯಾಗಿಯೇ ಇತ್ತು. ಆದರೂ ಕತ್ತರಿ ತೆಗೆದು ಕಚಕ್ಕನೆ ಕತ್ತರಿಸಿ ಎಸೆದರು. ಏನೋ ಎಡವಟ್ಟು ಮಾಡಿ ಮುಚ್ಚಿಹಾಕುತ್ತಿದ್ದಾರೆಂದು ನನ್ನ ತಲೆ ಬಿಸಿಯಾಯಿತು. ಹೊರಬರುತ್ತಲೇ ಅಡ್ಡಗಟ್ಟಿದೆ.

"ಎಂತದಮ್ಮ ಇದು? ಮಗು ಉಪವಾಸ ಇರ್ಬೇಕಾ?"

"ಗ್ಲೂಕೋಸ್ ಹೋಗ್ತಾ ಉಂಟು, ಡಾಕ್ಟರಿಗೂ ಹೇಳಿದ್ದೇನೆ. ತಪ್ಪು ನನ್ನದೇ. ಫಾಸ್ಫೇಟ್ ಹಾಕಿ, ಚೀಲ ಸರಿ ಕಲಕಿ, ಆಮೇಲೆ ಕ್ಯಾಲ್ಸಿಯಂ ಹಾಕ್ಬೇಕು. ಇಲ್ಲದಿದ್ರೆ ಎರಡೂ ಸೇರಿ ಹರಳು ಕಟ್ತದೆ. ನಡುವೆ ಯಾರೋ ಬಾಗಿಲು ಬಡಿದ್ರು. ಕಲಕಿದೆನಾ ಇಲ್ವಾ, ನೆನಪಿಲ್ಲ."

"ಅಷ್ಟಕ್ಕೇ ಬಿಸಾಡೋದಾ?"

"ನೀವು ಹೋಟೆಲಿನವರಲ್ವಾ ಮಾರಾಯ್ರೆ? ನಿಮ್ಮ ಹಾಲು ಒಡೆದ್ರೆ ಕಾಣ್ತದೆ. ಇಲ್ಲಿ ಕಣ್ಣಿಗೆ ಕಾಣದ ಹರಳೂ ಸೀದಾ ಮಗುವಿನ ರಕ್ತಕ್ಕೆ. ಹಾಗೇ ಇಟ್ರೆ ಯಾರಾದ್ರೂ ಒಯ್ದು ಹಾಕಿಯಾರು, ಅದಕ್ಕೇ ಕತ್ತರಿ." ಮತ್ತೆ ಮೆಲ್ಲಗೆ, "ನಂಗೆ ನನ್ನ ಮೇಲೂ ನಂಬಿಕೆ ಇಲ್ಲ" ಎಂದರು.

ಬೈಯಲು ಬಂದವನು ಹೊಸ ಚೀಲ ಬರುವ ತನಕ ಬೆಂಚಿನಲ್ಲಿ ಕೂತೆ.

ಮೊಮ್ಮಗಳು ಮನೆ ಸೇರಿದ ಮೇಲೆ ಆಕೆ ನಮ್ಮ ಹೋಟೆಲಿಗೆ ಬಂದು ಹೋಗುತ್ತಿದ್ದರು. ನೀರಿನ ಗ್ಲಾಸನ್ನು ನನ್ನ ಕಪ್ಪು ಕೊಡೆಯೆದುರು ಹಿಡಿದು ನೋಡಿಯೇ ಕುಡಿಯುವರು.

"ಫಿಲ್ಟರ್ ನೀರಮ್ಮ ಅದು!"

"ಇರ್ಲಿ, ನಾನೂ ಒಮ್ಮೆ ನೋಡ್ತೇನೆ."

ಕಳೆದ ಚೌತಿಗೆ ಮೊದಲು ಆಕೆ ಠಾಕುರ್ಲಿಯ ಮನೆಯಲ್ಲಿ ತೀರಿಕೊಂಡರು. ಮೂರನೇ ಕ್ಲಾಸಿನ ಮೊಮ್ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಹಿಂದಿರುಗುವಾಗ ಲೋಕಲ್ ರೈಲಿನಲ್ಲಿ, ಆಕೆ ನಮಗೇನಾಗಬೇಕೆಂದು ತನ್ನ ಹಿಂದಿಯಲ್ಲಿ ಕೇಳಿದಳು: "ಅಜ್ಜಾ, ವೋ ಅಪ್ನೀ ಕೌನ್ ಥೀ?"

"ನಿನಗೆ ಮೊಟ್ಟಮೊದಲು ಊಟ ಬಡಿಸಿದವರು."

"ಮಮ್ಮೀ ನಹೀಂ?" ಎಂದು ಕಣ್ಣು ಕಿರಿದು ಮಾಡಿ ನನ್ನ ಮುಖ ನೋಡಿದಳು.

ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸುವ ತನಕ ಎಲ್ಲ ಹೇಳಿದೆ. ಕತ್ತರಿಯ ಮಾತು ಬಂದಾಗಲೇ ಅವಳು ನಂಬಿದ್ದು.